ಟಿನ್‌ಐ: ಹಳೇ ಫೋಟೊದ ಹೊಸ ವೇಷ ಕಳಚಲು

ವಾಟ್ಸಾಪ್‌ಗೆ ಬಂದ ಪ್ರವಾಹದ ಫೋಟೊ ನಿನ್ನೆಯದೋ, ಹತ್ತು ವರ್ಷ ಹಳೆಯದೋ? ಹೈಸ್ಕೂಲು ಮಕ್ಕಳಿಗೆ ಇದನ್ನು ಕಲಿಸಲು 2008ರಿಂದ ಇರುವ ಟಿನ್‌ಐ ಒಳ್ಳೆಯ ಸಾಧನ. ಫೋಟೊ ಕೊಟ್ಟರೆ ಅದು ಅಂತರ್ಜಾಲದಲ್ಲಿ ಬೇರೆ ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ವೆಬ್‌ಸೈಟ್ ಇದು. ಲಾಗಿನ್ ಬೇಡ, ದುಡ್ಡೂ ಬೇಡ. ಫೋಟೊ ಅಪ್‌ಲೋಡ್ ಮಾಡಿ, ಫಲಿತಾಂಶವನ್ನು ‘ಓಲ್ಡೆಸ್ಟ್’ (ಹಳೆಯದು ಮೊದಲು) ಕ್ರಮಕ್ಕೆ ಹಾಕಿ. 2015ರ ಚೆನ್ನೈ ನೆರೆಯ ಚಿತ್ರವನ್ನು ಬೆಂಗಳೂರಿನದೆಂದು ಹಂಚಿದ್ದರೆ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ಸ್ಕ್ರೀನ್‌ಶಾಟ್ ಆದರೆ ಮೇಲಿನ ಬ್ಯಾಟರಿ ಪಟ್ಟಿ, ಅಂಟಿಸಿದ ಬರಹ ಕತ್ತರಿಸಿಯೇ ಹಾಕಬೇಕು.

ಮಕ್ಕಳು ಎಡವುವುದು ತಾರೀಖಿನಲ್ಲಿ. ಅಲ್ಲಿ ಕಾಣುವುದು ಟಿನ್‌ಐ ಆ ಚಿತ್ರವನ್ನು ಮೊದಲು ಕಂಡ ದಿನ, ಕ್ಯಾಮೆರಾ ಕ್ಲಿಕ್ಕಿಸಿದ ದಿನವಲ್ಲ. ಲಿಂಕ್ ತೆರೆಸಿ ಅಡಿಬರಹ, ಪ್ರಕಟವಾದ ದಿನ, ಛಾಯಾಗ್ರಾಹಕರ ಹೆಸರು ಓದಿಸಲೇಬೇಕು. ಸೊನ್ನೆ ಫಲಿತಾಂಶ ಬಂದರೆ “ಹಾಗಾದ್ರೆ ನಿಜ ಸರ್” ಎಂಬ ಕೂಗು ಖಚಿತ! ಟಿನ್‌ಐ ಸಂಗ್ರಹದಲ್ಲಿ ಇಲ್ಲ ಎಂದಷ್ಟೇ ಅರ್ಥ. ಆಗ ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹೋಗಿ. ಅದರ ಬಲೆ ದೊಡ್ಡದು, ಆದರೆ ಬರೀ ಹೋಲುವ ಚಿತ್ರಗಳನ್ನೂ ತಂದು ಸುರಿಯುತ್ತದೆ.

40 ನಿಮಿಷದ ಪೀರಿಯಡ್‌ಗೆ ಮೂರು ಫೋಟೊ ಸಾಕು. ಒಂದಾದರೂ ಅಸಲಿ ಇರಲಿ, ಇಲ್ಲದಿದ್ದರೆ ನೋಡದೆಯೇ ಎಲ್ಲವೂ ಸುಳ್ಳು ಅನ್ನುತ್ತಾರೆ.