ಬಿಜೈಯ ಸ್ಟುಡಿಯೋದಲ್ಲಿ ಒಂದು ಹಿಪ್‌ಹಾಪ್ ಸಿಂಗಲ್: ಧ್ವನಿಮುದ್ರಣ ಸೊಗಸು, ಬಿಡುಗಡೆಯ ಪ್ಯಾಕೇಜ್ ಬೇಡ

ಮಂಗಳೂರಿನ ಬಿಜೈಯಲ್ಲಿ, ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಸಮೀಪದಲ್ಲಿರುವ ಒಂದು ಸಣ್ಣ ಸ್ಟುಡಿಯೋದಲ್ಲಿ ನಮ್ಮ ತಂಡದ ಸಿಂಗಲ್ ಸಿದ್ಧವಾಗಿ ಬಿಡುಗಡೆಯಾಯಿತು. ಕನ್ನಡದ ರ‍್ಯಾಪ್, ತುಳುವಿನ ಪಲ್ಲವಿ, ಎಲೆಕ್ಟ್ರಾನಿಕ್ ಪಾಪ್‌ನ ಸಿಂತ್ (ಸಿಂಥಸೈಜರ್) ಮತ್ತು 808 ಎಂಬ ಡ್ರಮ್ ಯಂತ್ರದ ಬೇಸ್, ನಡುವೆ ಯಕ್ಷಗಾನದ ಚೆಂಡೆ: ಇಷ್ಟೂ ಒಂದೇ ಹಾಡಿನಲ್ಲಿ ಕೂಡಿಬರಬೇಕಿತ್ತು. ಸ್ಟುಡಿಯೋದವರು ಎರಡು ಬಗೆಯ ಸೇವೆ ಕೊಡುತ್ತಾರೆ. ಗಂಟೆಗೆ 800 ರೂಪಾಯಿ ಮತ್ತು ಶೇ. 18ರ ಜಿಎಸ್‌ಟಿ ಲೆಕ್ಕದಲ್ಲಿ ಧ್ವನಿಮುದ್ರಣ ಹಾಗೂ ಮಿಕ್ಸಿಂಗ್ (ಮುದ್ರಿಸಿದ ಧ್ವನಿಗಳನ್ನು ಹದವಾಗಿ ಬೆರೆಸುವುದು) ಒಂದು. ಹಾಡನ್ನು ಸ್ಟ್ರೀಮಿಂಗ್ ವೇದಿಕೆಗಳಿಗೆ ತಲುಪಿಸುವ ‘ಬಿಡುಗಡೆ ಪ್ಯಾಕೇಜ್’ ಇನ್ನೊಂದು. ಮೊದಲನೆಯದಕ್ಕೆ ಕೊಟ್ಟ ಹಣ ಸಾರ್ಥಕವೆನಿಸಿತು. ಎರಡನೆಯದನ್ನು ಯಾರಿಗೂ ಶಿಫಾರಸು ಮಾಡಲಾರೆ.

ರ‍್ಯಾಪ್‌ನ ಮುಖ್ಯ ಧ್ವನಿಯ ಮೇಲೆ ಅದೇ ಸಾಲುಗಳನ್ನು ಮತ್ತೆ ಹಾಡಿಸಿ ಡಬಲ್ ಕೂರಿಸುವುದು, ಸಾಲುಗಳ ನಡುವಿನ ಉದ್ಗಾರಗಳಾದ ಆಡ್‌ಲಿಬ್‌ಗಳನ್ನು ಬೇರೆ ಟ್ರ್ಯಾಕ್‌ನಲ್ಲಿ ಇಡುವುದು ಎಲ್ಲ ಕಡೆಯೂ ನಡೆಯುವ ಕೆಲಸ. ಇಲ್ಲಿಯ ಎಂಜಿನಿಯರ್‌ಗೆ ಅದರಾಚೆಗೆ ಭಾಷೆಯ ಕಿವಿಯೂ ಇದೆ. ತಾಳಕ್ಕೆ ಹೊಂದಿಸಲೆಂದು ಧ್ವನಿಯ ತುಣುಕನ್ನು ಸಾಫ್ಟ್‌ವೇರ್‌ನಲ್ಲಿ ಎಳೆದಾಗ ಹ್ರಸ್ವ ದೀರ್ಘದಂತೆ ಕೇಳಿಸತೊಡಗುತ್ತದೆ, ಒತ್ತಕ್ಷರ ಸಡಿಲವಾಗುತ್ತದೆ. ಕನ್ನಡ ಬಾರದವರ ಗಮನಕ್ಕೆ ಇದು ಬರುವುದೇ ಇಲ್ಲ. ಇವರು ಅಂತಹ ಕಡೆಗಳಲ್ಲೆಲ್ಲ ಎಳೆಯುವ ಗೋಜಿಗೆ ಹೋಗದೆ ಆ ಸಾಲನ್ನಷ್ಟೇ ಮತ್ತೊಮ್ಮೆ ಹಾಡಿಸಿದರು. ಸ್ವರ ತಿದ್ದುವ ಆಟೋಟ್ಯೂನ್ ಪಲ್ಲವಿಗೆ ಮಾತ್ರ ಬಂತು, ಅದೂ ಅಲಂಕಾರಕ್ಕೆ ಬೇಕಾದಷ್ಟೇ.

ಸ್ಟುಡಿಯೋದ ಸಾಮರ್ಥ್ಯ ನಿಜವಾಗಿ ತಿಳಿದದ್ದು ಚೆಂಡೆಯ ಮುದ್ರಣದಲ್ಲಿ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಚೆಂಡೆ ಗದ್ದೆ ಬಯಲಿನಾಚೆಗೂ ಕೇಳಿಸುವ ವಾದ್ಯ. ಗಾಯಕರಿಗಾಗಿ ಫೋಮ್ ಹೊದಿಸಿದ ಪುಟ್ಟ ಕೋಣೆಯಲ್ಲಿ ಅದನ್ನು ಬಾರಿಸಿದರೆ ಪೆಟ್ಟು ಮಾತ್ರ ಉಳಿದು ನಾದ ಸತ್ತುಹೋಗುತ್ತದೆ, ಮೈಕ್‌ನ ಸಂಕೇತವೂ ಮಿತಿ ಮೀರಿ ಒಡೆಯುತ್ತದೆ. ಆದ್ದರಿಂದ ಹೊರಗಿನ ಹಜಾರದಲ್ಲಿ ಕುರ್ಚಿ ಮೇಜುಗಳನ್ನು ಸರಿಸಿ, ಒಂದು ಮೈಕನ್ನು ಹತ್ತಿರದಲ್ಲಿಯೂ ಇನ್ನೊಂದನ್ನು ಗೋಡೆಯ ಪಕ್ಕದಲ್ಲಿಯೂ ಇಟ್ಟು ಮುದ್ರಿಸಿದರು. ಮದ್ದಳೆಯನ್ನೂ ಸೇರಿಸಬೇಕೆಂಬುದು ತಂಡದ ಬಯಕೆಯಾಗಿತ್ತು. ಆದರೆ ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಯಂತ್ರದಿಂದ ಬಂದ ಆ ದೀರ್ಘ ಬೇಸ್ ಸದ್ದಿಗೆ ತನ್ನದೇ ಶ್ರುತಿಯಿದೆ, ಭಾಗವತರ ಶ್ರುತಿಗೆ ಕಟ್ಟುವ ಮದ್ದಳೆಗೂ ಇದೆ. ಎರಡೂ ಕೆಳಗಿನ ಅದೇ ಜಾಗಕ್ಕೆ ಜಗಳವಾಡುತ್ತವೆ ಎಂದು ಎರಡು ಮಿಕ್ಸ್‌ಗಳನ್ನು ಪಕ್ಕಪಕ್ಕದಲ್ಲಿ ಕೇಳಿಸಿ ತೋರಿಸಿದ ಮೇಲೆ ಮದ್ದಳೆಯನ್ನು ಬಿಡಲು ಎಲ್ಲರೂ ಒಪ್ಪಿದರು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದ ಊರಿದು. ಸಿಂತ್ ಪಕ್ಕದಲ್ಲಿ ಚೆಂಡೆ ಕಂಡು ಇಲ್ಲಿ ಯಾರೂ ಹುಬ್ಬೇರಿಸಲಿಲ್ಲ.

ಕಟ್ಟಡದ ಒಂದು ದೋಷವನ್ನು ಹೇಳಲೇಬೇಕು. ಸ್ಟುಡಿಯೋ ಇರುವುದು ಮೇಲಿನ ಮಹಡಿಯಲ್ಲಿ, ತಾರಸಿಯ ಮೇಲೆ ತಗಡಿನ ಮಾಡು ಇದೆ. ಬಸ್ಸಿನ ಹಾರ್ನ್ ಒಳಗೆ ಬರುವುದಿಲ್ಲ, ಆದರೆ ಕರಾವಳಿಯ ಜಡಿಮಳೆಯ ಸದ್ದು ಬರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಗಂಟೆ ಲೆಕ್ಕದಲ್ಲಿ ಕೋಣೆ ಕಾದಿರಿಸುವವರು, ಮಳೆಗಾಗಿ ಕಾದ ಸಮಯಕ್ಕೆ ದರವಿಲ್ಲ ಎಂಬ ಮಾತನ್ನು ಮೊದಲೇ ಬರಹದಲ್ಲಿ ಪಡೆಯುವುದು ಒಳ್ಳೆಯದು.

ಮಿಕ್ಸ್ ಮುಗಿದ ಮೇಲೆ ಅದನ್ನು ಸ್ಟುಡಿಯೋದ ದೊಡ್ಡ ಸ್ಪೀಕರ್‌ಗಳಲ್ಲಿ ಮಾತ್ರವಲ್ಲ, ಕಾರಿನಲ್ಲಿಯೂ ಮೊಬೈಲಿನಲ್ಲಿಯೂ ಕೇಳಿಸಿದರು. 50 ಹರ್ಟ್ಸ್ ಆಸುಪಾಸಿನ ಬೇಸ್ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸುವುದಿಲ್ಲವಾದ್ದರಿಂದ, 808ಕ್ಕೆ ತುಸು ಡಿಸ್ಟಾರ್ಷನ್ (ಒರಟುತನ) ಸೇರಿಸಿ ಮೇಲಿನ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಸ್ವರದ ಜೊತೆ ಹುಟ್ಟುವ ಎತ್ತರದ ಸ್ವರಗಳನ್ನು, ಎಬ್ಬಿಸಿದರು. ಕಿವಿ ಅವುಗಳಿಂದಲೇ ಕೆಳಗಿನ ಸ್ವರವನ್ನು ಊಹಿಸಿಕೊಳ್ಳುತ್ತದೆ. ಮಿಕ್ಸ್‌ಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್‌ನಲ್ಲಿ ಅಬ್ಬರಕ್ಕೆ ಹೋಗದಿದ್ದುದು ಇನ್ನೊಂದು ಜಾಣತನ. ಸ್ಪಾಟಿಫೈ ತನ್ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ಸರಿಹೊಂದಿಸುವುದರಿಂದ, ಅದಕ್ಕಿಂತ ಬಹಳ ಜೋರಾಗಿ ಒತ್ತಿದ ಮಾಸ್ಟರ್ ಅಲ್ಲಿ ತಗ್ಗಿಯೇ ಕೇಳಿಸುತ್ತದೆ, ಚೆಂಡೆಯ ಪೆಟ್ಟಿನ ಮೊನೆ ಮಾತ್ರ ಸುಮ್ಮನೆ ನಷ್ಟವಾಗುತ್ತದೆ.

ಇಷ್ಟು ಎಚ್ಚರಿಕೆಯ ಕೆಲಸದ ಬಳಿಕ ಬಿಡುಗಡೆಯ ಪ್ಯಾಕೇಜ್ ತೀರಾ ನಿರಾಸೆ ತಂದಿತು. ಈ ಕೆಲಸವನ್ನು ಸ್ಟುಡಿಯೋ ತಾನೇ ಮಾಡದೆ ಹೊರಗಿನ ಒಂದು ವಿತರಣಾ ಸಂಸ್ಥೆಗೆ ಒಪ್ಪಿಸುತ್ತದೆ. ಸ್ಪಾಟಿಫೈನ ಸಂಪಾದಕರ ಪ್ಲೇಲಿಸ್ಟ್‌ಗಳಿಗೆ ಹಾಡನ್ನು ಪರಿಗಣಿಸಬೇಕಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಕೋರಿಕೆ ಸಲ್ಲಿಸಿರಬೇಕು; ಕಡತಗಳು ತಡವಾಗಿ ಹೋದದ್ದರಿಂದ ಆ ಅವಕಾಶ ತಪ್ಪಿತು. ವಿತರಣಾ ಸಂಸ್ಥೆಯ ನಮೂನೆಯ ಭಾಷೆಯ ಕಾಲಂನಲ್ಲಿ ತುಳು ಇರಲೇ ಇಲ್ಲ. ಅಂತರರಾಷ್ಟ್ರೀಯ ಭಾಷಾ ಸಂಕೇತಗಳಲ್ಲಿ ತುಳುವಿಗೂ ಕೊಂಕಣಿಗೂ ಮೂರಕ್ಷರದ ಸಂಕೇತವಿದೆಯೇ ಹೊರತು ಎರಡಕ್ಷರದ್ದಿಲ್ಲ. ಎರಡಕ್ಷರದ ಪಟ್ಟಿಯನ್ನೇ ನೆಚ್ಚಿಕೊಂಡ ನಮೂನೆಯಲ್ಲಿ ಅವೆರಡೂ ಸಿಗುವುದಿಲ್ಲ. ಈ ಕೊರತೆಯನ್ನು ಸಹಿಸಬಹುದಿತ್ತು. ವಿತರಣೆಯ ಖಾತೆಯನ್ನೇ ನಮ್ಮ ಹೆಸರಿನಲ್ಲಿ ತೆರೆಯದೆ ಸ್ಟುಡಿಯೋದವರು ತಮ್ಮ ಹೆಸರಿನಲ್ಲಿ ಇಟ್ಟುಕೊಂಡದ್ದನ್ನು ಸಹಿಸುವುದು ಕಷ್ಟ, ಏಕೆಂದರೆ ಹಾಡಿನ ಧ್ವನಿಮುದ್ರಣವನ್ನು ಗುರುತಿಸುವ 12 ಅಕ್ಷರಾಂಕಗಳ ಐಎಸ್‌ಆರ್‌ಸಿ ಸಂಖ್ಯೆಯಾಗಲಿ, ಕೇಳುಗರ ಲೆಕ್ಕವಾಗಲಿ ಪ್ರತಿ ಬಾರಿ ಅವರನ್ನು ಬೇಡಿಯೇ ಪಡೆಯಬೇಕಾಯಿತು. ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ತಲುಪದ ಹಾಡಿಗೆ ಸ್ಪಾಟಿಫೈ 2024ರಿಂದ ಧ್ವನಿಮುದ್ರಣದ ರಾಯಲ್ಟಿ ಕೊಡುತ್ತಿಲ್ಲವಾದ್ದರಿಂದ ಹೊಸಬರಿಗೆ ಹಣಕ್ಕಿಂತ ಈ ಲೆಕ್ಕವೇ ಮುಖ್ಯ.

ಒಪ್ಪಂದದ ಪತ್ರವನ್ನೂ ಗಮನವಿಟ್ಟು ಓದಬೇಕು. ಹಕ್ಕುಗಳ ವರ್ಗಾವಣೆ ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂದು ಬರೆದಿರದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನಂತೆ ಅದು 5 ವರ್ಷಕ್ಕೆ ಮತ್ತು ಭಾರತಕ್ಕೆ ಮಾತ್ರ ಸೀಮಿತವಾಗುತ್ತದೆ. ನಮಗೆ ಕೊಟ್ಟ ಕರಡಿನಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂಬ ಮಾತುಗಳನ್ನು ಸೇರಿಸಿದ್ದರು. ಆಕ್ಷೇಪಿಸಿದ ಕೂಡಲೇ ತೆಗೆದರು, ಆದರೆ ಆಕ್ಷೇಪಿಸದವರ ಪತ್ರದಲ್ಲಿ ಅವು ಹಾಗೆಯೇ ಉಳಿಯುತ್ತವೆ.

ಹಾಡಿನ ಸ್ಟೆಮ್‌ಗಳನ್ನು, ಅಂದರೆ ಧ್ವನಿ, ಬೇಸ್, ಚೆಂಡೆ, ಸಿಂತ್ ಬೇರೆ ಬೇರೆಯಾಗಿರುವ 24 ಬಿಟ್‌ನ ವೇವ್ ಕಡತಗಳನ್ನು, ಕೊಡುವ ಬಗ್ಗೆ ಸ್ಟುಡಿಯೋದ ದರಪಟ್ಟಿಯಲ್ಲಿ ಉಲ್ಲೇಖವಿಲ್ಲ. ಕೇಳಿದರೆ ಹೆಚ್ಚುವರಿ ಹಣವಿಲ್ಲದೆ ಕೊಡುತ್ತಾರೆ. ಹಾರ್ಡ್ ಡಿಸ್ಕ್ ಮಾತ್ರ ನಾವೇ ಒಯ್ಯಬೇಕು.