ಮೊದಲೇ ಕರೆನ್ಸಿ, ಆಮೇಲೆ ಬಿಲ್: ಒಂದೇ ಫೋನಲ್ಲಿ ಎರಡು ಸಿಮ್

ನನ್ನ ಫೋನಿನಲ್ಲಿ ಎರಡು ಸಿಮ್ ಇವೆ. ಒಂದು ಹಳೇ ನಂಬರು, ಪ್ರೀಪೇಯ್ಡ್. ಇನ್ನೊಂದು ಪೋಸ್ಟ್‌ಪೇಯ್ಡ್. ಹೊಸ ಫೋನಿನ ಆಸೆಗೆ 24 ತಿಂಗಳ ಕಾಂಟ್ರಾಕ್ಟ್‌ಗೆ ಸಹಿ ಹಾಕಿದಾಗ ಬಂದದ್ದು. ಎರಡನ್ನೂ ಹೋಲಿಸಿ ನೋಡೋಣ ಅಂತ ನಾನೇನೂ ಹೊರಟಿರಲಿಲ್ಲ. ಹಳೇ ನಂಬರು ಬಿಡಲು ಮನಸ್ಸು ಬರಲಿಲ್ಲ, ಅಷ್ಟೇ. ಆದರೆ ಎರಡು ವರ್ಷ ಎರಡಕ್ಕೂ ದುಡ್ಡು ಕಟ್ಟಿದ ಮೇಲೆ ಹೋಲಿಕೆ ತಾನಾಗಿಯೇ ಆಯಿತು. ಎರಡೂ ಒಂದೇ ಕಂಪನಿಯವು. ಹಾಗಾಗಿ ಸಿಗ್ನಲ್ ವಿಷಯದಲ್ಲಿ ನನಗೆ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಜನಜಂಗುಳಿ ಇರುವಲ್ಲಿ ಪೋಸ್ಟ್‌ಪೇಯ್ಡ್‌ನವರಿಗೆ ಮೊದಲ ಮಣೆ ಹಾಕುವ ಕಂಪನಿಗಳೂ ಇವೆ. ನನ್ನದು ಹಾಗಿರಲಿಲ್ಲ.

ಮೊದಲು ಲೆಕ್ಕ ಮುಗಿಸಿಬಿಡೋಣ. ಬಹಳಷ್ಟು ಪ್ರೀಪೇಯ್ಡ್ ಪ್ಲಾನ್‌ಗಳಲ್ಲಿ ಒಂದು ತಿಂಗಳು ಅಂದರೆ 28 ದಿನ. 28ನ್ನು 13ರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ 12 ಅಲ್ಲ, 13 ಸಲ ರೀಚಾರ್ಜ್. ಪ್ಲಾನಿನ ಬೆಲೆ ನೋಡಿ ಪೋಸ್ಟ್‌ಪೇಯ್ಡ್ ಬಾಡಿಗೆ ಜೊತೆ ಹೋಲಿಸುವವರು ಅದಕ್ಕೆ ಶೇ. 8ರಷ್ಟು ಸೇರಿಸಿಕೊಂಡೇ ಹೋಲಿಸಬೇಕು. ಹಾಗೆ ಸೇರಿಸಿದ ಮೇಲೂ ನನ್ನ ಪ್ರೀಪೇಯ್ಡ್ ಅಗ್ಗವಾಗಿಯೇ ಇತ್ತು. ಅಂತರ ಮಾತ್ರ ಅಂದುಕೊಂಡಷ್ಟು ಜಾಸ್ತಿ ಇರಲಿಲ್ಲ.

ಪೋಸ್ಟ್‌ಪೇಯ್ಡ್‌ನ ಮೊದಲ ಬಿಲ್ ನೋಡಿ ಗಾಬರಿಯಾಗಿದ್ದೆ. ಬಳಸಿದ್ದು 11 ದಿನ, ಬಂದದ್ದು ಒಂದೂವರೆ ತಿಂಗಳ ಹತ್ತಿರದ ಮೊತ್ತ. ಆಮೇಲೆ ತಿಳಿಯಿತು. ಆ 11 ದಿನದ ಬಾಡಿಗೆ, ಅದರ ಮೇಲೆ ಮುಂದಿನ ಇಡೀ ತಿಂಗಳ ಬಾಡಿಗೆ ಮುಂಗಡವಾಗಿ, ಅದರ ಮೇಲೆ ತೆರಿಗೆ. ಹೆಸರೇನೋ ಪೋಸ್ಟ್‌ಪೇಯ್ಡ್. ಆದರೆ ಬಾಡಿಗೆ ಮೊದಲೇ ಕಟ್ಟಬೇಕು, ಹೆಚ್ಚುವರಿ ಬಳಕೆಗೆ ಮಾತ್ರ ಆಮೇಲೆ. ಇದನ್ನು ಸಹಿ ಹಾಕಿಸಿಕೊಳ್ಳುವಾಗ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ.

ಡೇಟಾದಲ್ಲಿ ಪೋಸ್ಟ್‌ಪೇಯ್ಡ್ ಗೆದ್ದಿತು, ಅದರಲ್ಲಿ ಅನುಮಾನವಿಲ್ಲ. ನನ್ನ ಪ್ರೀಪೇಯ್ಡ್‌ನಲ್ಲಿ ದಿನಕ್ಕೆ 1.5 ಜಿಬಿ. 28 ದಿನಕ್ಕೆ 42 ಜಿಬಿ. ಪೋಸ್ಟ್‌ಪೇಯ್ಡ್‌ನಲ್ಲಿ ತಿಂಗಳಿಗೆ ಒಟ್ಟು 40 ಜಿಬಿ, ಯಾವ ದಿನ ಎಷ್ಟು ಬೇಕಾದರೂ ಬಳಸಬಹುದು. ಕಾಗದದ ಮೇಲೆ ಪ್ರೀಪೇಯ್ಡೇ ಮುಂದೆ, ಅಲ್ವಾ? ಆದರೆ ಮನೆಯಲ್ಲಿ ವೈಫೈ ಇದ್ದ ದಿನ ಆ 1.5 ಜಿಬಿ ಸುಮ್ನೆ ಮಧ್ಯರಾತ್ರಿಗೆ ಆವಿಯಾಗುತ್ತದೆ. ಪ್ರಯಾಣದ ದಿನ, ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಕೊಟ್ಟ ದಿನ, ಮಧ್ಯಾಹ್ನಕ್ಕೇ ಮುಗಿಯುತ್ತದೆ. ಒಳ್ಳೇ ಗುಣಮಟ್ಟದ ವಿಡಿಯೋ ಒಂದು ಗಂಟೆ ನೋಡಿದರೆ 3 ಜಿಬಿವರೆಗೂ ತಿನ್ನುತ್ತದೆ.

ಕೋಟಾ ಮುಗಿದ ಮೇಲೂ 'ಅನ್‌ಲಿಮಿಟೆಡ್' ಅನ್ನುತ್ತಾರಲ್ಲ, ಅದರ ಕಥೆ ಕೇಳಿ. ನನ್ನ ಪ್ಲಾನಿನಲ್ಲಿ ಆಮೇಲೆ ಸಿಗುವ ವೇಗ 64 ಕೆಬಿಪಿಎಸ್, ಸೆಕೆಂಡಿಗೆ 64 ಕಿಲೋಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. 3 ಎಂಬಿಯ ಒಂದು ಫೋಟೋ ಕಳಿಸಲು ಆರು ನಿಮಿಷದ ಮೇಲೆ ಬೇಕು. ಒಂದು ಸಂಜೆ ನಾನು ನಿಜವಾಗಿ ಕೂತು ನೋಡಿದ್ದೇನೆ. ಚಕ್ರ ತಿರುಗುತ್ತಲೇ ಇತ್ತು. ಏಳನೇ ನಿಮಿಷಕ್ಕೆ 'ಕಳಿಸಲಾಗಲಿಲ್ಲ' ಅಂತ ಬಂತು.

ಆದರೆ ಎರಡಕ್ಕೂ ಇರುವ ಅಸಲಿ ವ್ಯತ್ಯಾಸ ದುಡ್ಡಿನದ್ದೂ ಅಲ್ಲ, ಡೇಟಾದ್ದೂ ಅಲ್ಲ. ನಾವು ಮೈಮರೆತರೆ ಏನಾಗುತ್ತದೆ ಅನ್ನೋದು. ಪ್ರೀಪೇಯ್ಡ್‌ನಲ್ಲಿ ಪ್ರತಿ ಕರೆಗೂ ಮೊದಲು ಕಂಪನಿಯ ಕಂಪ್ಯೂಟರ್ ನಮ್ಮ ಖಾತೆ ನೋಡುತ್ತದೆ. ಕರೆನ್ಸಿ ಇದ್ದರೆ ಬಿಡುತ್ತದೆ, ಇಲ್ಲದಿದ್ದರೆ ಇಲ್ಲ. ಪೋಸ್ಟ್‌ಪೇಯ್ಡ್‌ನಲ್ಲಿ ಮೊದಲು ಬಿಡುತ್ತದೆ, ಬರೆದಿಟ್ಟುಕೊಳ್ಳುತ್ತದೆ, ಆಮೇಲೆ ಲೆಕ್ಕ ಹಾಕುತ್ತದೆ. ಒಂದು ಬಾಗಿಲು ಕಾಯುವವನ ಥರ, ಇನ್ನೊಂದು ಉದ್ದರಿ ಖಾತೆ ಥರ. ನಾನು ಎರಡೂ ಕಡೆ ಮೈಮರೆತು ನೋಡಿದ್ದೇನೆ.

ಪ್ರೀಪೇಯ್ಡ್‌ನಲ್ಲಿ ಆದದ್ದು ಹೀಗೆ. ಹಳೇ ನಂಬರಿನ ವ್ಯಾಲಿಡಿಟಿ ಮುಗಿದದ್ದು ಗಮನಕ್ಕೇ ಬರಲಿಲ್ಲ. ನೆನಪಿಸುವ ಮೆಸೇಜ್‌ಗಳು ಬಂದಿದ್ದವು. ಜಾಹೀರಾತುಗಳ ರಾಶಿಯಲ್ಲಿ ಅವನ್ನೂ ಅಳಿಸಿಬಿಟ್ಟಿದ್ದೆ. ಮೊದಲು ಹೊರಗೆ ಹೋಗುವ ಕರೆ ನಿಂತಿತು, ಕೆಲವು ದಿನ ಬಿಟ್ಟು ಒಳಗೆ ಬರುವುದೂ ನಿಂತಿತು. ಒಂದು ರಾತ್ರಿ ಆನ್‌ಲೈನ್‌ನಲ್ಲಿ ದುಡ್ಡು ಕಳಿಸಬೇಕಾಯಿತು. ಒಟಿಪಿ ಬರಲಿಲ್ಲ. ಮತ್ತೆ ಒತ್ತಿದೆ. ಬರಲಿಲ್ಲ. ಆಗ ಹೊಳೆಯಿತು. ಸರಿ, ಈಗಲೇ ರೀಚಾರ್ಜ್ ಮಾಡೋಣ ಅಂತ ಹೊರಟರೆ ಆ ಪಾವತಿಗೂ ಒಟಿಪಿ ಬೇಕು. ಅದೂ ಬರೋದು ಅದೇ ಸತ್ತ ನಂಬರಿಗೆ! ಬೀಗದ ಕೈ ಒಳಗಿಟ್ಟು ಬಾಗಿಲು ಹಾಕಿಕೊಂಡ ಹಾಗಾಯಿತು. ಕೊನೆಗೆ ಗೆಳೆಯನೊಬ್ಬನಿಗೆ ಇನ್ನೊಂದು ಸಿಮ್‌ನಿಂದ ಫೋನ್ ಮಾಡಿ ರೀಚಾರ್ಜ್ ಮಾಡಿಸಿಕೊಂಡೆ. ಇನ್ನೂ ಕೆಲವು ತಿಂಗಳು ಹಾಗೇ ಬಿಟ್ಟಿದ್ದರೆ ನಂಬರೇ ಹೋಗುತ್ತಿತ್ತು, ಬೇರೆ ಯಾರಿಗೋ ಸಿಗುತ್ತಿತ್ತು.

ಪೋಸ್ಟ್‌ಪೇಯ್ಡ್‌ನಲ್ಲಿ ಮೈಮರೆತದ್ದು ದುಬಾರಿಯಾಯಿತು. ಹೊರದೇಶಕ್ಕೆ ಹೋಗಿದ್ದೆ. ವಿಮಾನ ಇಳಿದ ತಕ್ಷಣ ಏರ್‌ಪ್ಲೇನ್ ಮೋಡ್ ತೆಗೆದು ಫೋನ್ ಜೇಬಿಗೆ ಹಾಕಿಕೊಂಡೆ. ಡೇಟಾ ರೋಮಿಂಗ್, ಅಂದರೆ ಅಲ್ಲಿನ ಕಂಪನಿಯ ನೆಟ್‌ವರ್ಕ್‌ನಲ್ಲಿ ಡೇಟಾ ಬಳಸುವ ಸೌಲಭ್ಯ, ಆನ್ ಇತ್ತು. ನಾನು ಸಾಲಿನಲ್ಲಿ ನಿಂತು ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಳ್ಳುವಷ್ಟರಲ್ಲಿ ಫೋನ್ ಜೇಬಿನೊಳಗೇ ಫೋಟೋಗಳ ಬ್ಯಾಕಪ್ ಶುರುಮಾಡಿತ್ತು. ಎಚ್ಚರಿಕೆ ಮೆಸೇಜ್ ಬಂತು, ಆದರೆ ಮರುದಿನ. ಅಲ್ಲಿನ ಕಂಪನಿಯ ಲೆಕ್ಕ ಇಲ್ಲಿನ ಕಂಪನಿಗೆ ಬಂದು ಸೇರುವುದೇ ತಡವಂತೆ. ಬಿಲ್ಲಿನ ಮೂರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದೇ ಒಂದು ಸಾಲು ಇತ್ತು. ಆ ಸಾಲಿನ ಬೆಲೆ ನನ್ನ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ. ಕಸ್ಟಮರ್ ಕೇರ್‌ನವರು ತುಂಬಾ ಮರ್ಯಾದೆಯಿಂದ ಮಾತಾಡಿದರು. ಒಂದು ಪೈಸೆ ಕಡಿಮೆ ಮಾಡಲಿಲ್ಲ. ಪ್ರೀಪೇಯ್ಡ್ ಆಗಿದ್ದರೆ ಬ್ಯಾಲೆನ್ಸ್ ಮುಗಿದ ಕೂಡಲೇ ಆ ಬ್ಯಾಕಪ್ ಅಲ್ಲಿಗೇ ನಿಲ್ಲುತ್ತಿತ್ತು.

ಹಾಗಂತ ಪೋಸ್ಟ್‌ಪೇಯ್ಡ್‌ನವರಿಗೆ ದಾರಿಯೇ ಇಲ್ಲ ಅಂತಲ್ಲ. ಬಿಲ್ಲಿಗೆ ಮಿತಿ ಹಾಕಿಸಬಹುದು. ರೋಮಿಂಗನ್ನೇ ಮುಚ್ಚಿಸಬಹುದು. ಎರಡನ್ನೂ ನಾನು ಬಿಲ್ ಬಂದ ಮೇಲೆ ಮಾಡಿಸಿದೆ.

ಇನ್ನು ಕಾಂಟ್ರಾಕ್ಟ್ ಜೊತೆ ಬರುವ ಫೋನು. ಅದೇ ಡೇಟಾ ಕೊಡುವ, ಫೋನ್ ಇಲ್ಲದ ಪ್ಲಾನಿನ ಬೆಲೆಯನ್ನು ನನ್ನ ತಿಂಗಳ ಬಾಡಿಗೆಯಿಂದ ಕಳೆಯಿರಿ. ಉಳಿದದ್ದನ್ನು 24ರಿಂದ ಗುಣಿಸಿ. ಅದು ಫೋನಿಗೆ ನಾವು ನಿಜವಾಗಿ ಕೊಡುವ ಬೆಲೆ. ನನ್ನ ವಿಷಯದಲ್ಲಿ ಅದು ಅಂಗಡಿಯ ಬೆಲೆಗಿಂತ ಆರನೇ ಒಂದು ಭಾಗ ಜಾಸ್ತಿ ಬಂತು. ಒಂದೇ ಸಲ ಅಷ್ಟು ದುಡ್ಡು ಕೈಯಲ್ಲಿಲ್ಲದವರಿಗೆ ಇದು ತಪ್ಪೇನಲ್ಲ. ಬಡ್ಡಿ ಅಂತ ತಿಳಿದು ಕಟ್ಟಿದರೆ ಸರಿ. ಉಚಿತ ಅಂತ ನಂಬಿ ಕಟ್ಟಬಾರದು. ನಡುವೆ ಬಿಟ್ಟು ಹೋಗಬೇಕೆಂದರೆ ಉಳಿದ ಕಂತುಗಳನ್ನೆಲ್ಲ ಒಟ್ಟಿಗೆ ಕಟ್ಟಬೇಕು. ಪ್ರೀಪೇಯ್ಡ್‌ನಲ್ಲಿ ಈ ಕಟ್ಟುಪಾಡಿಲ್ಲ. ಅದೇ ನಂಬರು ಇಟ್ಟುಕೊಂಡು ಬೇರೆ ಕಂಪನಿಗೆ ಪೋರ್ಟ್ ಮಾಡಿಸಿಕೊಳ್ಳಬಹುದು. ಉಳಿದ ಬ್ಯಾಲೆನ್ಸ್ ಮಾತ್ರ ಜೊತೆಗೆ ಬರುವುದಿಲ್ಲ.

24 ತಿಂಗಳು ಮುಗಿದದ್ದು ಹೋದ ವರ್ಷ. ಫೋನಿನ ಸಾಲ ತೀರಿತ್ತು, ಬಾಡಿಗೆ ಇಳಿಯುತ್ತದೆ ಅಂದುಕೊಂಡಿದ್ದೆ. 25ನೇ ಬಿಲ್ಲೂ ಅಷ್ಟೇ ಬಂತು, 26ನೆಯದೂ ಅಷ್ಟೇ. ತೀರಿದ ಸಾಲಕ್ಕೆ ಎರಡು ಕಂತು ಸುಮ್ನೆ ಕಟ್ಟಿದ್ದೆ. ನಾವು ಕೇಳುವ ತನಕ ಯಾರೂ ಇಳಿಸುವುದಿಲ್ಲ. ಕೇಳಿದೆ, ಬರೀ ಸಿಮ್‌ನ ಪ್ಲಾನಿಗೆ ಬದಲಾಯಿಸಿದರು. ಕಾಂಟ್ರಾಕ್ಟ್ ಇಲ್ಲ, ಯಾವ ತಿಂಗಳಾದರೂ ಬಿಡಬಹುದು.

ದಿನದ ಓಡಾಟಕ್ಕೆ ಈಗ ಆ ಸಿಮ್ಮೇ. ಹಳೇ ನಂಬರಿಗೆ ಇಡೀ ವರ್ಷದ ಪ್ಲಾನ್ ಹಾಕಿಸಿದ್ದೇನೆ. ಡೇಟಾ ಅಷ್ಟಕ್ಕಷ್ಟೇ, ಒಟಿಪಿ ಬಂದರೆ ಸಾಕು. ವ್ಯಾಲಿಡಿಟಿ ಮುಗಿಯುವ ಒಂದು ವಾರ ಮೊದಲೇ ಫೋನ್ ಕೂಗುವ ಹಾಗೆ ಅಲಾರಂ ಇಟ್ಟಿದ್ದೇನೆ, ಆ ಗೆಳೆಯನಿಗೂ ಹೇಳಿಟ್ಟಿದ್ದೇನೆ.