ಮಾಕುಟ್ಟ ಘಾಟಿಗೆ ಇಳಿಯುವ ಮೊದಲು ಫೋನ್ ತೆಗೆದು ನೋಡಿ

ಲಾರಿ ದಾಖಲೆ ಎಲ್ಲ ಮೊಬೈಲಲ್ಲೇ ಇದೆ, ಕಾಗದ ಯಾಕೆ ಅಂತ ಧೈರ್ಯವಾಗಿ ಓಡಾಡುವವರು ನಮ್ಮ ವಿರಾಜಪೇಟೆ ಕಡೆ ಈಗ ಬೇಕಾದಷ್ಟು ಜನ ಇದ್ದಾರೆ. ಕಳೆದ ಏಪ್ರಿಲ್ ತನಕ ನಾನೂ ಅವರಲ್ಲೊಬ್ಬ. ಒಂದೇ ಲಾರಿ ನಂದು, ಆರು ಚಕ್ರದ್ದು, ನ್ಯಾಷನಲ್ ಪರ್ಮಿಟ್ ಇದೆ. ಹಿಂದಿನ ಮಳೆಗಾಲದಲ್ಲಿ ಕ್ಯಾಬಿನ್ ಸೋರಿ ಎಫ್‌ಸಿ (ಲಾರಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಇನ್ಶೂರೆನ್ಸ್ ಎಲ್ಲ ಅಂಟಿಕೊಂಡು ಹಪ್ಪಳದಂತಾಗಿತ್ತು. ಹೊಸ ಪ್ರತಿ ತೆಗೆಸಿದ ಮೇಲೆ ಎಲ್ಲವನ್ನೂ ಬಿಸ್ಕತ್ ಡಬ್ಬಿಗೆ ಹಾಕಿ ಮನೆಯ ಬೀರುವಿನಲ್ಲಿಟ್ಟೆ. ಲಾರಿಯಲ್ಲಿ ಫೋನ್ ಸಾಕು ಅಂದುಕೊಂಡೆ.

ಕಾನೂನು ನನ್ನ ಪರವಾಗಿಯೇ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸರ್ಕಾರದ್ದೇ ಆ್ಯಪ್‌ಗಳಾದ ಡಿಜಿಲಾಕರ್ ಮತ್ತು ಎಂಪರಿವಾಹನ್‌ನಲ್ಲಿರುವ ದಾಖಲೆಯನ್ನು ಒರಿಜಿನಲ್‌ಗೆ ಸಮ ಅಂತ ಒಪ್ಪಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2018ರ ಆಗಸ್ಟ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಅದೇ ವರ್ಷ ಮೋಟಾರು ವಾಹನ ನಿಯಮ 139ಕ್ಕೆ ತಿದ್ದುಪಡಿಯೂ ಆಯಿತು. 2020ರ ಅಕ್ಟೋಬರ್ 1ರಿಂದ, ಎಲೆಕ್ಟ್ರಾನಿಕ್ ರೂಪದಲ್ಲಿ ಪರಿಶೀಲಿಸಿ ಸರಿ ಇದೆ ಅಂತ ಕಂಡ ದಾಖಲೆಗೆ ಮತ್ತೆ ಕಾಗದ ಕೇಳುವ ಹಾಗಿಲ್ಲ. ಇದಿಷ್ಟನ್ನೂ ಬಾಯಿಪಾಠ ಮಾಡಿಕೊಂಡಿದ್ದೆ. ‘ಪರಿಶೀಲಿಸಿ’ ಅನ್ನುವ ಒಂದು ಪದದ ಮೇಲೆ ಮಾತ್ರ ಗಮನ ಹೋಗಿರಲಿಲ್ಲ.

ಆವತ್ತು ಶನಿವಾರ. ವ್ಯಾಪಾರಿಯೊಬ್ಬರ ಕಾಳುಮೆಣಸಿನ ಲೋಡು, ಕೇರಳದ ಕಣ್ಣೂರಿಗೆ. ಡ್ರೈವರ್ ಜೊತೆ ನಾನೂ ಹತ್ತಿದೆ. ಪೆರುಂಬಾಡಿ ದಾಟಿ ಮಾಕುಟ್ಟದ ಕಾಡಿಗೆ ಇಳಿಯುವಾಗ ಸಂಜೆ ನಾಲ್ಕೂವರೆ. ಆ ದಾರಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಸಿಗ್ನಲ್ ಕಡ್ಡಿ ಒಂದೊಂದಾಗಿ ಬಿದ್ದು ಕೊನೆಗೆ ಏನೂ ಉಳಿಯುವುದಿಲ್ಲ. ಘಾಟಿ ಇಳಿದ ಮೇಲೆ ಮಳೆ ಹಿಡಿಯಿತು. ತೋಟದವರು ಕಾಫಿ ಹೂ ಅರಳಲೆಂದು ಕಾಯುತ್ತಾ ಕೂತಿದ್ದ ಹೂಮಳೆ, ನಮ್ಮ ಪಾಲಿಗೆ ಮಾತ್ರ ಕೆಟ್ಟ ಮಳೆ. ತಿರುವಿನಲ್ಲಿ ತಪಾಸಣೆಯವರು ಕೈ ಅಡ್ಡ ಹಿಡಿದರು. ಯಾವ ಇಲಾಖೆ ಅಂತ ಬರೆಯುವುದಿಲ್ಲ, ತಪ್ಪು ಅವರದ್ದಲ್ಲ.

‘ಪೇಪರ್ ಕೊಡಿ’ ಅಂದರು. ಫೋನ್ ಕೊಟ್ಟೆ.

ಮೊದಲು ಎಂಪರಿವಾಹನ್. ಅದು ಯಾವಾಗಲೋ ಅಪ್‌ಡೇಟ್ ಆಗಿ ತಾನಾಗಿಯೇ ಲಾಗ್‌ಔಟ್ ಆಗಿತ್ತು. ಮತ್ತೆ ಒಳಗೆ ಹೋಗಲು ಓಟಿಪಿ ಬೇಕು, ಓಟಿಪಿ ಬರಲು ಟವರ್ ಬೇಕು. ಪರದೆ ಮೇಲೆ ಮಳೆಹನಿ ಬಿದ್ದು ನಾನು ಒತ್ತದ ಅಂಕಿಗಳೆಲ್ಲ ತಾವೇ ಒತ್ತಿಕೊಳ್ಳುತ್ತಿದ್ದವು. ಅಂಗಿಗೆ ಒರೆಸಿ ಒರೆಸಿ ಡಿಜಿಲಾಕರ್ ತೆರೆದೆ. ಅದು ಪುಣ್ಯಕ್ಕೆ ತೆರೆಯಿತು, ಆರ್‌ಸಿಯೂ (ಲಾರಿಯ ನೋಂದಣಿ ಪತ್ರ) ಕಂಡಿತು. ಗೆದ್ದೆ ಅಂದುಕೊಂಡು ತೋರಿಸಿದೆ. ಸಾಹೇಬರು ಬೆರಳಿಟ್ಟು ಮೇಲಿನ ಸಾಲು ತೋರಿಸಿದರು: ‘ಇದು ಅಪ್‌ಲೋಡೆಡ್. ನೀವೇ ಫೋಟೋ ಹೊಡೆದು ಹಾಕಿದ್ದು. ಇಶ್ಯೂಡ್ ಎಲ್ಲಿದೆ?’

ಹೆಚ್ಚಿನವರಿಗೆ ಗೊತ್ತಿಲ್ಲದ್ದು ಇದೇ. ಡಿಜಿಲಾಕರ್‌ನಲ್ಲಿ ಎರಡು ಖಾನೆ. ‘ಇಶ್ಯೂಡ್’ ಅಂದರೆ ಸರ್ಕಾರದ ದಾಖಲೆಯಿಂದ ನೇರ ಬಂದದ್ದು, ಕಾನೂನಿನ ಬೆಲೆ ಇರುವುದು ಅದಕ್ಕೆ. ‘ಅಪ್‌ಲೋಡೆಡ್’ ಅಂದರೆ ನಾವು ಸ್ಕ್ಯಾನ್ ಮಾಡಿ ಇಟ್ಟುಕೊಂಡದ್ದು, ಮನೆಯ ಆಲ್ಬಂನಲ್ಲಿರುವ ಫೋಟೋಗೂ ಅದಕ್ಕೂ ವ್ಯತ್ಯಾಸ ಇಲ್ಲ. ನನ್ನ ಆರ್‌ಸಿ ಅಪ್‌ಲೋಡೆಡ್‌ನಲ್ಲಿ ಇದ್ದದ್ದು ಯಾಕೆ ಅಂದರೆ, ಇಶ್ಯೂಡ್‌ಗೆ ತರಿಸಲು ಹೋದಾಗ ಹೆಸರು ಹೊಂದುತ್ತಿಲ್ಲ ಅಂತ ಬಂದಿತ್ತು. ಆಧಾರ್‌ನಲ್ಲಿ ನಮ್ಮ ಮನೆತನದ ಹೆಸರು ಪೂರ್ತಿ ಇದೆ, ಆರ್‌ಸಿಯಲ್ಲಿ ಬರೀ ಇನಿಶಿಯಲ್. ಕೊಡಗಿನಲ್ಲಿ ಈ ತಾಪತ್ರಯ ಎಷ್ಟು ಮನೆಗಳಲ್ಲಿ ಇದೆಯೋ, ಒಮ್ಮೆ ನಿಮ್ಮದನ್ನು ಪಕ್ಕಪಕ್ಕ ಇಟ್ಟು ನೋಡಿ. ತಿದ್ದಿಸಲು ಮಡಿಕೇರಿಗೆ ಅಲೆಯಬೇಕಲ್ಲ ಅಂತ ಸೋಮಾರಿತನ ಮಾಡಿ ಫೋಟೋ ಏರಿಸಿ ಬಿಟ್ಟಿದ್ದೆ.

ಇನ್ಶೂರೆನ್ಸ್ ಕಥೆ ಇನ್ನೂ ಚೆಂದ. ರಿನ್ಯೂ ಮಾಡಿ ವಾರವಾಗಿತ್ತು, ಏಜೆಂಟ್ ಪಿಡಿಎಫ್ ವಾಟ್ಸಾಪ್ ಮಾಡಿದ್ದ. ತೆರೆಯಲು ಹೋದರೆ ಫೈಲಿನ ಪಕ್ಕ ಕೆಳಮುಖ ಬಾಣ. ನಾನು ‘ಥ್ಯಾಂಕ್ಸ್’ ಅಂತ ಕೈಮುಗಿದ ಚಿತ್ರ ಕಳಿಸಿದ್ದೇನೆ, ಫೈಲ್ ಮಾತ್ರ ಡೌನ್‌ಲೋಡೇ ಮಾಡಿಲ್ಲ!

ಅವರ ಕೈಯಲ್ಲಿದ್ದ ಚಲನ್ ಯಂತ್ರಕ್ಕೂ ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಇದ್ದಿದ್ದರೆ ನಂಬರ್ ಹಾಕಿ ಅವರೇ ನೋಡುತ್ತಿದ್ದರು. ಕೊನೆಗೆ ನಮ್ಮಲ್ಲಿ ಸರಿಯಾಗಿ ಇದ್ದದ್ದು ಡ್ರೈವರ್‌ನ ಡಿಎಲ್ ಕಾರ್ಡು, ಮತ್ತೆ ವ್ಯಾಪಾರಿ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿ ಕೊಟ್ಟಿದ್ದ ಇ-ವೇ ಬಿಲ್, ಅಂದರೆ ಸರಕು ಸಾಗಣೆಯ ಬಿಲ್. ಹೆಸರಿನಲ್ಲೇ ‘ಇ’ ಇರುವುದೊಂದು ಮಾತ್ರ ಕಾಗದದಲ್ಲಿತ್ತು. ಲೋಡು ಬಿಲ್ಲಿಗೆ ತಾಳೆ ಆಗುತ್ತದೋ ನೋಡಲು ಟಾರ್ಪಾಲ್ ಒಂದು ಮೂಲೆ ಬಿಚ್ಚಿಸಿದರು.

ಡ್ರೈವರ್ ‘ಅಣ್ಣ, ನಾನು ಕೂಟುಪುಳಕ್ಕೆ ಹೋಗಿ ಫೋನ್ ಮಾಡ್ತೇನೆ’ ಅಂತ ಕೆಳಗೆ ಹೋಗುತ್ತಿದ್ದ ಜೀಪೊಂದನ್ನು ಹತ್ತಿದ. ನನ್ನ ಫೋನನ್ನೂ ಅವನ ಕೈಗೆ ಕೊಟ್ಟಿದ್ದರೆ ಅಲ್ಲೇ ಲಾಗಿನ್ ಆಗಿ ಇನ್ಶೂರೆನ್ಸೂ ಇಳಿಸಿಕೊಂಡು ಬರುತ್ತಿದ್ದ. ಹೊಳೆದದ್ದು ಅವನು ಹೋದ ಮೇಲೆ. ಅವನು ಮನೆಗೆ ಹೇಳಿ, ಮನೆಯವಳು ಬೀರು ಹುಡುಕಿ, ಭಾವ ಆ ಮಳೆಯಲ್ಲಿ ಬಿಸ್ಕತ್ ಡಬ್ಬಿ ಹಿಡಿದು ಬಂದು ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಒರಿಜಿನಲ್ ನೋಡಿ ಐದು ನಿಮಿಷಕ್ಕೆ ಬಿಟ್ಟರು, ದಂಡವನ್ನೂ ಹಾಕಲಿಲ್ಲ.

ಆದರೆ ಕಣ್ಣೂರಿನ ಗೋಡೌನ್ ಮುಚ್ಚಿತ್ತು. ಮರುದಿನ ಭಾನುವಾರ. ಸೋಮವಾರ ಬೆಳಗ್ಗೆ ಇಳಿಸುವಾಗ ಅಲ್ಲಿಯ ಲೆಕ್ಕ ಬರೆಯುವ ರೈಟರ್ ಒಂದೊಂದು ಚೀಲಕ್ಕೂ ಕೈ ಹಾಕಿ ಮೆಣಸನ್ನು ಮುಷ್ಟಿಯಲ್ಲಿ ಹಿಂಡಿ ನೋಡಿದ. ಟಾರ್ಪಾಲ್ ಬಿಚ್ಚಿದ ಮೂಲೆಯ ಮೂರು ಚೀಲ ಪಕ್ಕಕ್ಕೆ ಇಟ್ಟ. ತೇವ. ಆ ದುಡ್ಡು ನನ್ನ ಬಾಡಿಗೆಯಿಂದ ಕಡಿತ. ತಡ ಆದದ್ದು ನನ್ನಿಂದ, ಹಾಗಾಗಿ ಎರಡು ದಿನ ಲಾರಿ ಕಾದು ನಿಂತದ್ದಕ್ಕೆ ಹಾಲ್ಟಿಂಗ್ ದುಡ್ಡು ಕೇಳುವ ಮುಖವೂ ನನಗಿರಲಿಲ್ಲ.

ಕಾಗದಕ್ಕೇ ವಾಪಸ್ ಹೋಗಿ ಅಂತ ನಾನು ಹೇಳುತ್ತಿಲ್ಲ. ವಿರಾಜಪೇಟೆಯಲ್ಲಿ ಡೀಸೆಲ್ ಹಾಕಿಸುವಾಗ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಆಮೇಲೆ ಒಂದೊಂದೇ ದಾಖಲೆ ತೆರೆದು ನೋಡಿ. ಆಗ ಕಂಡದ್ದು ಮಾತ್ರ ಮಾಕುಟ್ಟದಲ್ಲೂ ಕಾಣುತ್ತದೆ. ಕುಟ್ಟದಿಂದ ತೋಲ್ಪೆಟ್ಟಿ ಕಡೆ ಹೋಗುವವರು, ಭಾಗಮಂಡಲದಿಂದ ಕರಿಕೆಗೆ ಇಳಿಯುವವರು ಕೂಡ ಇದನ್ನೇ ಮಾಡಿ. ಇಶ್ಯೂಡ್ ಖಾನೆಯ ಪಿಡಿಎಫ್‌ಗಳನ್ನು ಫೋನಿಗೇ ಇಳಿಸಿಡಿ. ಮಾಲೀಕರು ಮನೆಯಲ್ಲಿದ್ದು ಡ್ರೈವರ್ ಒಬ್ಬನೇ ಹೋಗುವುದಾದರೆ ಓಟಿಪಿ ಬರುವ ನಂಬರ್ ಯಾರ ಕೈಯಲ್ಲಿದೆ ಅಂತ ಲೋಡು ಹತ್ತಿಸುವ ಮೊದಲೇ ಯೋಚಿಸಿ. ಇನ್ನೊಂದು, ಗಡಿಬಿಡಿಯಲ್ಲಿ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ‘ಪರಿವಾಹನ್ ಎಪಿಕೆ’ ಅನ್ನುವ ಆ್ಯಪ್ ಫೈಲ್ ಮಾತ್ರ ಹಾಕಿಕೊಳ್ಳಬೇಡಿ, ಅದು ಬ್ಯಾಂಕ್ ಖಾತೆಗೇ ಕೈ ಹಾಕುವ ಮೋಸ. ಪ್ಲೇ ಸ್ಟೋರ್‌ನದ್ದೇ ಸಾಕು.

ಹೆಸರು ತಿದ್ದುಪಡಿಗೆ ಅರ್ಜಿ ಹಾಕಿದ್ದೇನೆ, ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಬಿಸ್ಕತ್ ಡಬ್ಬಿ ಡ್ರೈವರ್ ಸೀಟಿನ ಹಿಂದೆ. ಮೊನ್ನೆ ಬಂಕಿನಲ್ಲಿ ಡ್ರೈವರ್ ನಾನು ಹೇಳಿದಂತೆ ಫ್ಲೈಟ್ ಮೋಡ್ ಹಾಕಿ ಎಲ್ಲ ತೆರೆದು ನೋಡಿದ, ಎಲ್ಲವೂ ಕಂಡಿತು. ಆಮೇಲೆ ಫೋನ್ ನನ್ನ ಕಡೆ ತಿರುಗಿಸಿ ಹೇಳಿದ: ‘ಅಣ್ಣ, ಹೊಗೆ ಸರ್ಟಿಫಿಕೇಟ್ ಇವತ್ತಿಗೇ ಮುಗೀತದೆ.’